ಬಾಗಿಲ ಮೇಲಿನ ಪದ್ಯ

ಬೋರ್ಡಣ್ಣನಿಗೆ ಕೆಲಸ ತಪ್ಪಿ ಎಷ್ಟೋ ವರ್ಷವಾಗಿತ್ತು. ಒಂದು ಕಾಲಕ್ಕೆ ಆ ಬೀದಿಯ ಔಷಧದಂಗಡಿ, ಕಟಿಂಗ್ ಶಾಪು, ಸೈಕಲ್ ರಿಪೇರಿ ಎಲ್ಲದರ ಹೆಸರೂ ಅವನ ಬ್ರಷ್ಷಿನಿಂದಲೇ ಇಳಿದದ್ದು. ಫ್ಲೆಕ್ಸ್ ಬಂದು ಅವನನ್ನು ಮೂಲೆಗೆ ತಳ್ಳಿತು. ಬಾಡಿಗೆ ಕೋಣೆಯಲ್ಲಿ ಮಲಗುವುದು, ಎರಡು ಬೀದಿ ಆಚೆ ಅಕ್ಕನ ಮನೆಯಲ್ಲಿ ಉಣ್ಣುವುದು, ಅಷ್ಟೇ ಬದುಕು. ಅಕ್ಕ ಹೊಲಿಗೆಯವಳು. ತಾಯಿಯಿಲ್ಲದ ತಮ್ಮನನ್ನು ಸಾಕುವುದರಲ್ಲಿ ತನ್ನ ಮದುವೆಯ ಮಾತನ್ನೇ ಮರೆತವಳು. ಅವನ ತಲೆ ನರೆತರೂ, "ಮುಖ ತೊಳ್ಕೊಂಡ್ಯೇನೋ?" ಎಂದು ಕೇಳದೆ ತಟ್ಟೆ ಇಡುತ್ತಿರಲಿಲ್ಲ.

ಲಾಕ್‌ಡೌನ್ ಬಂತು. ಫ್ಲೆಕ್ಸ್ ಅಂಗಡಿಗಳಿಗೂ ಬೀಗ ಬಿತ್ತು. ವಾರ್ಡಿನ ಸೂಪರ್‌ವೈಸರ್ ಬೋರ್ಡಣ್ಣನನ್ನು ಹುಡುಕಿಕೊಂಡು ಬಂದ. ಅಂಗಡಿಗಳ ಮುಂದೆ ಜನ ನಿಲ್ಲಲು ವೃತ್ತ ಬರೆಯಬೇಕಿತ್ತು, ಗೋಡೆಗಳ ಮೇಲೆ ಎಚ್ಚರಿಕೆ ಬರೆಯಬೇಕಿತ್ತು. ಕೊರಳಿಗೊಂದು ಪಾಸು ಬಿತ್ತು. ಪೊಲೀಸರೂ ತಡೆಯುವಂತಿರಲಿಲ್ಲ.

ದಿನವೂ ಬಣ್ಣದ ಡಬ್ಬಿ ಹಿಡಿದು ಖಾಲಿ ಬೀದಿಗಳಲ್ಲಿ ನಡೆದ. ಬರೀ ಎಚ್ಚರಿಕೆ ಬರೆದು ಬೇಜಾರಾಗಿ ಪ್ರಾಸ ಕಟ್ಟತೊಡಗಿದ.

ಮೂಗು ಮುಚ್ಚು, ಬಾಗಿಲು ಹಾಕು,
ಇಷ್ಟು ಮಾಡಿದರೆ ಸಾಕು.

ಜನ ಕಿಟಕಿಯಿಂದ ಫೋಟೊ ತೆಗೆದರು. ಮರುದಿನ ಸೇತುವೆಯ ಕೆಳಗೆ, ಯಾರೂ ಕೇಳದೆ, ತನಗಾಗಿಯೇ ಒಂದು ಬರೆದುಕೊಂಡ.

ರಸ್ತೆಗೂ ಸಿಕ್ಕಿತು ರಜಾ,
ಒಬ್ಬನೇ ನಡೆಯೋದೇ ಮಜಾ.

ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿದ್ದಾಗ ಅವನೊಬ್ಬ ಹಾಯಾಗಿದ್ದ. ಆಂಬುಲೆನ್ಸ್ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದ, ಅದು ತಿರುವು ದಾಟಿದೊಡನೆ ಮತ್ತೆ ಪ್ರಾಸ ಹುಡುಕುತ್ತಿದ್ದ. ಇದು ಇನ್ನೊಂದಷ್ಟು ದಿನ ಹೀಗೇ ಇರಲಿ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಆಸೆ ಹೋಗಲಿಲ್ಲ.

ಸೋಂಕು ತಗುಲಿದ ಮನೆಗಳ ಬಾಗಿಲಿಗೂ ಏನಾದರೂ ಬರೆಯಿರಿ ಎಂದ ಸೂಪರ್‌ವೈಸರ್. ಬೋರ್ಡಣ್ಣ ಕೆಂಪು ಆಯಿಲ್ ಪೇಂಟಿನಲ್ಲಿ ಬರೆದ:

ಒಳಗೆ ಕೆಮ್ಮು, ಹೊರಗೆ ಬೀಗ,
ದಾಟಿ ಹೋಗಣ್ಣ, ಬೇಗ ಬೇಗ.

ಅದು ಹಬ್ಬಿದ ಹಾಗೆ ಕಾಯಿಲೆಯೂ ಹಬ್ಬಿರಲಿಕ್ಕಿಲ್ಲ. ಮಕ್ಕಳು ಬಾಲ್ಕನಿಗಳಿಂದ ಹಾಡಿದರು. ಬಸ್ ಕಂಡಕ್ಟರನ ಮನೆಯ ಎದುರು ದೊಡ್ಡವರೂ ಚಪ್ಪಾಳೆ ತಟ್ಟಿ ಹಾಡಿದರು. ಒಳಗಿನಿಂದ ಅವನ ಹೆಂಡತಿ, "ಮಗು ಮಲಗಿದೆ, ಸುಮ್ಮನಿರ್ರಪ್ಪಾ" ಎಂದು ಬೇಡಿಕೊಂಡಿದ್ದಕ್ಕೆ ಹಾಡು ಇನ್ನೂ ಜೋರಾಯಿತು. ಬೋರ್ಡಣ್ಣ ಅಲ್ಲೇ ಇದ್ದ. ಬ್ರಷ್ ತೊಳೆಯುತ್ತಿದ್ದ.

ಆ ವಾರವೇ ಅವನಿಗೆ ಸಣ್ಣಗೆ ಮೈ ಬೆಚ್ಚಗಾಯಿತು. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಡಬ್ಬಿಗೆ ಮೂಗು ಒಡ್ಡಿದರೂ ವಾಸನೆ ಬರಲಿಲ್ಲ. ಹೇಳಿದರೆ ಪಾಸು ಹೋಗುತ್ತಿತ್ತು. ಹೇಳಲಿಲ್ಲ. ಎಂದಿನಂತೆ ಅಕ್ಕನ ಮನೆಗೆ ಹೋಗಿ ಉಂಡು ಬಂದ. ಅವನು ಹುಷಾರಾಗುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು.

ಸೋಂಕಿತರ ಪಟ್ಟಿಯಲ್ಲಿ ಅವಳ ಹೆಸರು ಬಂದಾಗ ಸೂಪರ್‌ವೈಸರ್ ಕೇಳಿದ, "ನಿಮ್ಮಕ್ಕ ಅಲ್ವೇನ್ರೀ? ನೀವು ಆ ಮನೆಗೆ ಹೋಗ್ತಾ ಇದ್ರಾ?"

"ಇಲ್ಲ ಸಾರ್. ನಮಗೂ ಅವಳಿಗೂ ಅಷ್ಟಕ್ಕಷ್ಟೇ. ಹೋಗಿ ಎಷ್ಟೋ ಕಾಲ ಆಯ್ತು."

"ಸರಿ ಹಾಗಾದ್ರೆ, ಬಾಗಿಲಿಗೆ ಬರೆದುಬಿಡಿ."

"ಅಲ್ಲಿ ಬರೀ ಸೂಚನೆ ಸಾಕಲ್ವಾ ಸಾರ್?"

ಸೂಪರ್‌ವೈಸರ್ ನಕ್ಕ. "ಊರವರ ಬಾಗಿಲಿಗೆಲ್ಲ ಪದ್ಯ, ನಿಮ್ಮಕ್ಕನ ಬಾಗಿಲಿಗೆ ಮಾತ್ರ ಗದ್ಯಾನಾ?"

ಬೋರ್ಡಣ್ಣ ಹೋದ. ಬರೆದ. 'ಬೀಗ'ದ ಬೀ ಯಾವ ಬಾಗಿಲಿನಲ್ಲೂ ಅಷ್ಟು ಗುಂಡಗೆ ಬಂದಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದ. ಪಕ್ಕದ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಅವನು ತನ್ನ ಅಕ್ಷರ ಮೆಚ್ಚುವುದನ್ನು ನೋಡುತ್ತಿದ್ದಳು.

"ಏನ್ ಬರೆದ್ಯೋ?" ಎಂದಳು. ಉಸಿರು ಸಾಲುತ್ತಿರಲಿಲ್ಲ. "ಒಳಗಿಂದ ಕಾಣಿಸ್ತಿಲ್ಲ."

ಅವನು ಉತ್ತರ ಹೇಳುವ ಮೊದಲೇ ಎದುರು ಮನೆಯ ಮಕ್ಕಳು ರಾಗವಾಗಿ ಓದಿ ಹೇಳಿದರು.

ಅಕ್ಕ ಅರ್ಧ ಬೀದಿಗೆ ಪುಕ್ಕಟೆ ಮಾಸ್ಕ್ ಹೊಲಿದು ಕೊಟ್ಟಿದ್ದಳು. ಆ ಸಂಜೆಯೇ ಜನ ಅವನ್ನೆಲ್ಲ ಕೋಲಿನ ತುದಿಯಲ್ಲಿ ಎತ್ತಿ ತಂದು ಅವಳ ಗೇಟಿನ ಮುಂದೆ ಗುಡ್ಡೆ ಹಾಕಿ ಸುಟ್ಟರು. ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಕೆಮ್ಮು ಕೇಳಿದಾಗಲೆಲ್ಲ ಯಾರೋ ಒಬ್ಬ, "ಬೇಗ ಬೇಗ!" ಎಂದು ಕೂಗುತ್ತಿದ್ದ, ಉಳಿದವರು ನಗುತ್ತಿದ್ದರು. ವಾರ್ಡಿನವರು ಊಟ ಕಳಿಸುತ್ತಾರೆಂದು ಬೋರ್ಡಣ್ಣ ತನಗೆ ತಾನೇ ಹೇಳಿಕೊಂಡ. ಕಳಿಸುತ್ತಿಲ್ಲವೆಂದು ತಿಳಿದ ಮೇಲೂ, ಆ ಬೀದಿಯನ್ನು ಬಿಟ್ಟು ಸುತ್ತು ಹಾದಿಯಲ್ಲಿ ನಡೆದ. ಅವಳಿಗೆ ಗೋಡೆಯ ಮೇಲಿಂದ ಗಂಜಿ ದಾಟಿಸಿದವಳು, ಅಷ್ಟರಲ್ಲಿ ಬೀಗ ಕಳೆದು ಹೊರಬಂದಿದ್ದ ಕಂಡಕ್ಟರನ ಹೆಂಡತಿ.

ಅಕ್ಕ ಸಾಯಲಿಲ್ಲ. ಬಾಗಿಲು ತೆರೆದು ಹೊರಗೆ ಬಂದಾಗ ಅವಳ ಮುಖದಲ್ಲಿ ಬರೀ ಮೂಳೆ ಇತ್ತು. ಅಂಗಡಿಗಳು ತೆರೆದವು, ಬಸ್ಸು ಓಡಿತು, ಆದರೆ ಅವಳ ಕೈಗೆ ಬಟ್ಟೆ ಕೊಡಲು ಯಾರೂ ಬರಲಿಲ್ಲ. ಬೇರೆ ಊರಿನ ಗೆಳತಿಯೊಬ್ಬಳು, ಬಂದುಬಿಡು ಅಂದಳು. ಹೊಲಿಗೆ ಯಂತ್ರವನ್ನು ಟೆಂಪೋಗೆ ಏರಿಸುವಾಗ ಬೋರ್ಡಣ್ಣ ಓಡಿ ಬಂದು ಒಂದು ಕಡೆ ಹಿಡಿದ.

"ಬಿಡು," ಎಂದಳು ಅಕ್ಕ.

"ನನ್ನಿಂದಾನೇ ನಿನಗೆ ಬಂದಿದ್ದು ಅಕ್ಕಾ. ನನಗೆ ಗೊತ್ತಿತ್ತು."

"ನನಗೂ ಗೊತ್ತಿತ್ತು. ನಿನ್ನ ಮೈ ಸುಡ್ತಿತ್ತು. ಆದ್ರೂ ಊಟ ಹಾಕಿದ್ದೆ." ಅವಳು ಡ್ರೈವರನ ಕಡೆ ತಿರುಗಿದಳು. "ನೀನೊಂದು ಕೈ ಹಿಡೀಪ್ಪ."

ಡ್ರೈವರ್ ಹಿಡಿದ. ಟೆಂಪೋ ಹೊರಟಿತು. ಅವಳು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಗಾಜು ಏರಿಸಿಕೊಂಡಳು.