ಲೈನ್ ಐತೆ ಕಣವ್ವ

ದೆವ್ವ, ಅಶರೀರವಾಣಿ ಇವನ್ನೆಲ್ಲ ನಾನು ನಂಬಿದವಳಲ್ಲ. ದಿನಚರಿಯಲ್ಲಿ ಆ ಒಂದು ಭಾನುವಾರದ ಪುಟಕ್ಕೆ ಬಂದಾಗ ಮಾತ್ರ ಇವತ್ತಿಗೂ ತಡವರಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ಕಾಲ. ಹೊಂಗಡಹಳ್ಳದ ದೊಡ್ಡಪ್ಪನ ತೋಟದಲ್ಲಿ ಕೂತು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೆ. ಕೆಲವು ಗೆಲಾಕ್ಸಿಗಳ ಕೇಂದ್ರದಲ್ಲಿರುವ ಕಪ್ಪುಕುಳಿಯ ಬಳಿಯಿಂದ ಕಣಗಳ ಚಿಲುಮೆಯೊಂದು ನಮ್ಮ ಕಡೆಗೇ ಚಿಮ್ಮುತ್ತದೆ, ಒಮ್ಮೊಮ್ಮೆ ಭುಗಿಲೇಳುತ್ತದೆ. ಅಂಥ ಒಂದು ಭುಗಿಲಿನ ಗಾಮಾ ಕಿರಣಗಳು ಹೇಗೆ ಹುಟ್ಟಿದವೆಂದು ಲೆಕ್ಕ ಹಾಕುವುದು ನನ್ನ ಕೆಲಸ. "ತೋಟದ ಲೆಕ್ಕ ಬರ್ಕೊಡು ಅಂದ್ರೆ ಆಗಲ್ಲ, ಆಕಾಶದ ಲೆಕ್ಕ ಬರೀತಾಳೆ ಮಾರಾಯ್ತಿ," ಎಂದು ದೊಡ್ಡಪ್ಪ ಕಿಚಾಯಿಸುತ್ತಿದ್ದರು.

ಆ ಲೆಕ್ಕ ಕೂಡುತ್ತಿರಲಿಲ್ಲ. ಚಿಲುಮೆಯ ಸುತ್ತ ಹೊಳೆಯುವ ಅನಿಲವಿದ್ದು, ಅದರ ಬೆಳಕಿಗೆ ಕಣಗಳು ಡಿಕ್ಕಿ ಹೊಡೆದಿದ್ದರೆ ಕೂಡುತ್ತಿತ್ತು. ಅನಿಲವಿದ್ದರೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತದಲ್ಲಿ ಅದರ ಗೆರೆ ಕಾಣಬೇಕು. ನಾವು ಅದನ್ನು ಲೈನ್ ಎನ್ನುತ್ತೇವೆ. ಭುಗಿಲಿನ ದಿನದ ರೋಹಿತದಲ್ಲಿ ಲೈನ್ ಇರಲಿಲ್ಲ. ಆ ಭಾನುವಾರದೊಳಗೆ ತೀರ್ಮಾನ ಹೇಳದಿದ್ದರೆ ಆ ಅಧ್ಯಾಯವನ್ನೇ ಕೈಬಿಡಬೇಕು ಎಂದಿದ್ದರು ಗೈಡ್.

ಫೋನಿಗೆ ಸಿಗ್ನಲ್ ಸಿಗುವುದು ಕಾಫಿ ಮೂಟೆ ಇಡುವ ಸ್ಟೋರ್ ಹಿಂದೆ ಮಾತ್ರ. ಅಲ್ಲಿಂದ ಗೈಡ್‌ಗೆ ಕರೆ ಮಾಡಿದೆ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. "ಲೈನ್ ಇಲ್ಲ ಸರ್, ಎಲ್ಲೂ ಲೈನ್ ಇಲ್ಲ!" ಎಂದು ಕೂಗುತ್ತಿದ್ದಂತೆ ಕರೆ ಕಡಿದುಹೋಯಿತು. ಆಗ ಗಿಡಗಳ ನಡುವಿನಿಂದ, ತೀರಾ ಹತ್ತಿರದಲ್ಲಿ, ಗಂಡಸಿನ ದನಿ: "ಲೈನ್ ಐತೆ ಕಣವ್ವ. ಬೆಳಕು ಜಾಸ್ತಿ ಆಗ್ಬುಟ್ಟೈತೆ, ಅದ್ಕೆ ಕಾಣ್ತಿಲ್ಲ."

"ಯಾರದು?" ಎಂದೆ. ಗಿಡಗಳೊಳಗೆ ನುಗ್ಗಿ ನೋಡಿದೆ. ಯಾರೂ ಇಲ್ಲ, ತರಗೆಲೆ ತುಳಿದ ಸದ್ದೂ ಇಲ್ಲ. ಮನೆಗೆ ಓಡಿದೆ. ಆ ಮಾತು ಹಿಡಿದು, ಗೆಲಾಕ್ಸಿ ಮಂಕಾಗಿದ್ದ ಕಾಲದ ಹಳೆಯ ರೋಹಿತವನ್ನು ತೆರೆದೆ. ಸಣ್ಣದೊಂದು ಲೈನ್ ಇತ್ತು. ಭುಗಿಲಿನ ಬೆಳಕಲ್ಲಿ ಅದು ಮುಳುಗಿಹೋಗಿತ್ತು.

ತೋಟದಲ್ಲಿ ಲೈನ್ ಅಂದರೆ ಆಳುಗಳ ಸಾಲುಮನೆ. ಯಾರೋ ನನ್ನ ಕೂಗನ್ನು ಹಾಗೆ ತಿಳಿದುಕೊಂಡು ಲೈನ್ ಐತೆ ಅಂದಿರಬೇಕು ಎಂದು ದೊಡ್ಡಮ್ಮನಿಗೆ ಹೇಳಿದೆ.

"ಎಲ್ರೂ ಸಂತೆಗೆ ಹೋಗವ್ರಲ್ಲೇ. ಯಾವ ಕಡೆಯಿಂದ ಕೇಳುಸ್ತು?"

ತೋರಿಸಿದೆ. ದೊಡ್ಡಮ್ಮ ಕೈಲಿದ್ದ ಲೋಟ ಕೆಳಗಿಟ್ಟರು. "ಅಲ್ಲೊಂದು ಹಳೇ ಲೈನಿತ್ತು. ನಾನು ಮದ್ವೆಯಾಗಿ ಬರೋಕ್ ಮುಂಚೆನೇ ಕೆಡವ್ಬುಟ್ಟಿದ್ರಂತೆ. ನಿಂಗ್ಯಾರೇ ಹೇಳುದ್ರು ಅದ್ನ?"

ಅಧ್ಯಾಯ ಉಳಿಯಿತು. ಹಳೆಯ ರೋಹಿತ ನೋಡಬೇಕೆಂದು ಹೇಗೆ ಹೊಳೆಯಿತು ಎಂದು ಗೈಡ್ ಕೇಳಿದರು. ಯಾರೋ ಹೇಳಿದರು ಎಂದೆ. "ಹಾಗಾದರೆ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹಾಕಮ್ಮ," ಎಂದರು.

ಪ್ರಬಂಧ ಅಚ್ಚಾಯಿತು. ಯಾರ ಹೆಸರು ಹಾಕಬೇಕಿತ್ತೋ, ನನಗೆ ಇನ್ನೂ ಗೊತ್ತಿಲ್ಲ.