ಖಾರ ಹತ್ತದ ಕಾಲು

ಸಕ್ಕರೆ ಕಾಯಿಲೆ ಮೊದಲು ಅಕ್ಕನಿಗೆ ಬಂತು. ಎರಡು ವರ್ಷಗಳ ಅನಂತರ ನನಗೆ. ನಮ್ಮ ತಾಯಿಗೂ ಅದು ಇದ್ದುದರಿಂದ ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ನಾನು ಆಗಷ್ಟೇ ಹಾವೇರಿಯ ಶಾಲೆಯ ಕೆಲಸ ಬಿಟ್ಟಿದ್ದೆ. ಅಷ್ಟು ವರ್ಷ ಗಂಟೆಯ ಸದ್ದಿಗೆ ಬದುಕಿದವಳಿಗೆ ಇನ್ನೊಂದು ವೇಳಾಪಟ್ಟಿ ಹೊರೆಯೆನಿಸಲಿಲ್ಲ. ಎಂಟಕ್ಕೆ ಮಾತ್ರೆ, ಎಂಟೂವರೆಗೆ ಒಂದೂವರೆ ಜೋಳದ ರೊಟ್ಟಿ ಮತ್ತು ಪಲ್ಯ, ಮಧ್ಯಾಹ್ನ ಹಿಡಿಯಷ್ಟೇ ಅನ್ನ, ಸಂಜೆ ನಲವತ್ತು ನಿಮಿಷಗಳ ನಡಿಗೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಇದನ್ನೆಲ್ಲ ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆದೆ. ಅದರದೇ ಇನ್ನೊಂದು ಪ್ರತಿ ಮಾಡಿ ಬ್ಯಾಡಗಿಗೆ ಒಯ್ದು ಅಕ್ಕನ ಕಪಾಟಿನ ಬಾಗಿಲಿಗೆ ಅಂಟಿಸಿದೆ.

ಭಾವನವರದು ಒಣಮೆಣಸಿನಕಾಯಿಯ ವ್ಯಾಪಾರ. ಮನೆಯ ಹಿಂದೆ ಉದ್ದನೆಯ ತಗಡಿನ ಶೆಡ್ಡು. ಹಂಗಾಮಿನಲ್ಲಿ ಅಲ್ಲಿ ಮೊಣಕಾಲೆತ್ತರ ಕಾಯಿ ಹರವಿರುತ್ತಿತ್ತು. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಭಾವ ಇಡೀ ದಿನ ಮಾರುಕಟ್ಟೆಯಲ್ಲಿ ಇರುತ್ತಿದ್ದುದರಿಂದ ಶೆಡ್ಡಿನ ಉಸ್ತುವಾರಿ ಅಕ್ಕನದು. ಪ್ರತಿ ಮಂಗಳವಾರ ನಾನು ಬಸ್ಸಿನಲ್ಲಿ ಹೋಗಿ, ಹಾಳೆಯಲ್ಲಿದ್ದ ಒಂದೊಂದನ್ನೂ ಅವಳಿಂದ ಕೇಳಿ ತಿಳಿದುಕೊಳ್ಳುತ್ತಿದ್ದೆ.

"ಬಂದ್ರು ನೋಡ್ರವಾ ಸಾಲಿ ಅಕ್ಕೋರು," ಎಂದು ಅವಳು ಹೆಂಗಸರಿಗೆ ಕೇಳುವಂತೆ ಹೇಳುತ್ತಿದ್ದಳು. "ಏನ ತಿಂದೆ, ಎಷ್ಟ ನಡದೆ, ಎಲ್ಲಾ ಒಪ್ಸಬೇಕು. ತಪ್ಪಿದ್ರ ಬೆಂಚಿನ ಮ್ಯಾಲ ನಿಂದ್ರಸ್ತಾಳ."

"ಶೇಂಗಾದ ಹೋಳಿಗಿ ತಿಂದೀಯೇನು?"

"ಒಂದ."

"ಒಂದಽ?"

"ಒಂದು ಮುಗದಮ್ಯಾಲ ಇನ್ನೊಂದ ಒಂದು."

ಹೆಂಗಸರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ದಿನವಿಡೀ ಅದರಲ್ಲಿ ಓಡಾಡಿದವರ ಕಾಲನ್ನು ಅವರು ಕೇಳಬೇಕು. ಹಿಮ್ಮಡಿಯ ಒಡಕುಗಳಲ್ಲಿ ಖಾರ ಇಳಿದರೆ ಸಂಜೆಯ ಹೊತ್ತಿಗೆ ಕಾಲು ಕೆಂಡವಾಗುತ್ತದೆ. ಹೆಂಗಸರು ಮನೆಗೆ ಹೋಗುವ ಮುನ್ನ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕಾಲಿಗೆ ಮಜ್ಜಿಗೆ ಸವರಿಕೊಳ್ಳುತ್ತಿದ್ದರು. ಅಕ್ಕನೂ ಮೊದಲೆಲ್ಲ ಹಾಗೆಯೇ ಮಾಡುತ್ತಿದ್ದಳು. ಕೆಲವು ವರ್ಷಗಳಿಂದ ಅವಳಿಗೆ ಅದು ಬೇಕಾಗಿರಲಿಲ್ಲ. ಬರಿಗಾಲಿನಲ್ಲಿ ಕಾಯಿಯ ನಡುವೆ ಹಾಯ್ದು, ಪಾದಗಳಿಂದಲೇ ಅದನ್ನು ಮಗುಚಿ, ಸೀದಾ ಒಳಗೆ ಬಂದುಬಿಡುತ್ತಿದ್ದಳು.

"ನಮ್ಮ ಅವ್ವಾರ ಕಾಲು ಕಬ್ಬಣದ್ದು ಐತ್ರಿ," ಎಂದು ಹಿರಿಯ ಕೆಲಸದಾಕೆಯೊಬ್ಬಳು ನನಗೆ ಹೇಳಿದಳು. "ಖಾರ ಹತ್ತಂಗಿಲ್ಲ."

"ಮೂವತ್ತು ವರ್ಷ ತುಳದೇನಿ," ಎಂದಳು ಅಕ್ಕ. "ಈಗ ಕಾಯಿನಽ ನನಗ ಅಂಜತೈತಿ."

ಅಂದು ಮಾತ್ರ ನಾನೂ ನಕ್ಕೆ. ರೂಢಿಯಾದರೆ ಚರ್ಮ ಗಟ್ಟಿಯಾಗುತ್ತದೆ ಎಂದು ವಿವರಣೆಯನ್ನೂ ಕೊಟ್ಟೆ. ಕಾಯಿಲೆಯ ಬಗ್ಗೆ ದೊರೆತ ಪುಸ್ತಿಕೆಗಳನ್ನೆಲ್ಲ ಓದಿದ್ದವಳು ನಾನು. ಪಾದಗಳ ಕುರಿತ ಪುಟವನ್ನೂ ಓದಿದ್ದೆ. ಆದರೆ ಅದು ಮುದುಕರಿಗೆ ಸಂಬಂಧಿಸಿದ್ದೆಂದು ಭಾವಿಸಿ ಹಾಳೆಯಲ್ಲಿ ಸೇರಿಸಿರಲಿಲ್ಲ.

ಒಂದು ಮಂಗಳವಾರ ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಆ ವರ್ಷ ಅಲ್ಲಿ ಹೊಸದಾಗಿ ಬಿಳಿಯ ಟೈಲ್ಸ್ ಹಾಕಿಸಿದ್ದರು. ಶೆಡ್ಡಿನಿಂದ ಬಂದ ಅಕ್ಕ ಒಲೆಯತ್ತ ನಡೆದಳು. ಅವಳ ಹಿಂದೆ ನೆಲದ ಮೇಲೆ ನಾಲ್ಕೈದು ಕೆಂಪು ಕಲೆಗಳು ಉಳಿದವು.

"ಕಾಲು ತೊಳಕೊಂಡು ಒಳಗ ಬರಬಾರದೇನು? ನೆಲ ಎಲ್ಲಾ ಖಾರ ಮಾಡೀದಿ."

ಅವಳು ಗೊಣಗುತ್ತ ಬಚ್ಚಲಿಗೆ ಹೋಗಿ, ಕಾಲು ತೊಳೆದು ಬಂದಳು. ಕಲೆಗಳು ಮತ್ತೆ ಮೂಡಿದವು. ಎಲ್ಲವೂ ಎಡಗಾಲಿನವು, ಎಲ್ಲವೂ ಒಂದೇ ಜಾಗದವು.

ಅವಳನ್ನು ಮಣೆಯ ಮೇಲೆ ಕೂಡಿಸಿ ಪಾದವನ್ನು ತಿರುಗಿಸಿ ನೋಡಿದೆ. ಕಿರುಬೆರಳಿನ ಬುಡದಲ್ಲಿ ಚೀಲ ಹೊಲಿಯುವ ದಬ್ಬಣದ ಮುರಿದ ತುದಿ ನೆಟ್ಟುಕೊಂಡಿತ್ತು. ಸುತ್ತಲಿನ ಚರ್ಮ ಕಪ್ಪಾಗಿತ್ತು, ವಾಸನೆಯೂ ಇತ್ತು. ಅದು ಇಂದು ನೆಟ್ಟದ್ದಲ್ಲ, ನಿನ್ನೆಯದೂ ಅಲ್ಲ. ಎಷ್ಟು ದಿನ ಅವಳು ಆ ಕಾಲಿನಲ್ಲಿ ಓಡಾಡಿದ್ದಳೋ ತಿಳಿಯದು. ಆ ಶೆಡ್ಡಿನ ನೆಲದ ಮೇಲೆ ರಕ್ತ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

"ನೋಯಸಾಕತ್ತೈತೇನು?"

"ಎಲ್ಲಿ?" ಎಂದಳು ಅಕ್ಕ.

ಮರುದಿನ ಬೆಳಗಿನ ರೈಲಿಗೆ ರಾಣೆಬೆನ್ನೂರಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ಲೋಹದ ಚೂರನ್ನು ತೆಗೆದು, ಗಾಯವನ್ನು ತೊಳೆದು, ಅವಳ ಬಲಗಾಲನ್ನು ಹಿಡಿದುಕೊಂಡರು. ಗಾಯವಿಲ್ಲದ ಆ ಕಾಲನ್ನು ಏಕೆ ಹಿಡಿದರೆಂದು ನಮಗೆ ತಿಳಿಯಲಿಲ್ಲ.

"ಕಣ್ಣು ಮುಚ್ಚಿ ಕುಂದ್ರಿ. ನಾ ಮುಟ್ಟಿದಾಗೊಮ್ಮೆ ಹೂಂ ಅನ್ರಿ."

ಗಡುಸಾದ ನೈಲಾನ್ ದಾರವೊಂದನ್ನು ಅವರು ಹೆಬ್ಬೆರಳಿಗೆ, ಅಂಗಾಲಿಗೆ, ಹಿಮ್ಮಡಿಗೆ ಒತ್ತುತ್ತ ಹೋದರು. ಅಕ್ಕ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕುಳಿತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಯಾವಾಗ ಚಾಲೂ ಮಾಡ್ತೀರಿ?"

"ಮುಗೀತ್ರಿ, ಅವ್ವಾರ."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ.

"ಸಕ್ಕರಿ ಕಾಲಿನ ನರ ತಿಂದೈತ್ರಿ," ಎಂದರು ಡಾಕ್ಟರು. "ಭಾಳ ದಿವಸ ಆಗಿರಬೇಕು. ಬೆರಳು ಹೋಗಬಹುದು. ಅದಕ್ಕಽ ನಿಂತ್ರ ಪುಣ್ಯಾ. ಏರಿತು ಅಂದ್ರ ಪಾದಾನಽ ತಗೀಬೇಕಾಗತೈತಿ."

ನಾನು ಹಾವೇರಿಯ ಮನೆಗೆ ಬೀಗ ಹಾಕಿ ಬ್ಯಾಡಗಿಯಲ್ಲಿ ಉಳಿದೆ. ಆ ವಾರಗಳನ್ನು ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಬೆಳಿಗ್ಗೆ ಹಳೆಯ ಪಟ್ಟಿ ಬಿಚ್ಚಬೇಕು, ಗಾಯ ತೊಳೆಯಬೇಕು, ಕಪ್ಪು ನಿನ್ನೆಗಿಂತ ಮುಂದೆ ಸರಿದಿದೆಯೇ ಎಂದು ನೋಡಬೇಕು, ಹೊಸ ಪಟ್ಟಿ ಕಟ್ಟಬೇಕು. ಇನ್ಸುಲಿನ್ ಚುಚ್ಚಬೇಕು. ಎಡಗಾಲನ್ನು ನೆಲಕ್ಕೆ ಊರದಂತೆ ಅವಳನ್ನು ಕಾಯಬೇಕು. ಇದೇ ಎಲ್ಲಕ್ಕಿಂತ ಕಷ್ಟದ್ದು. ನೋವಿದ್ದವರು ತಾವಾಗಿಯೇ ಕುಂಟುತ್ತಾರೆ. ಅವಳಿಗೆ ಕುಂಟಲು ಕಾರಣವೇ ಇರಲಿಲ್ಲ. ಶೆಡ್ಡಿನಲ್ಲಿ ಯಾರಾದರೂ ಕೂಗಿದರೆ ಮರೆತು ಎದ್ದು ನಡೆದುಬಿಡುತ್ತಿದ್ದಳು.

"ಕುಂದರ."

"ಕಾಯಿ ಮಗಚಿಲ್ಲವಾ ಅವರು."

"ಬೂಸರು ಹಿಡೀಲಿ. ಕುಂದರ."

ವಾರಕ್ಕೆರಡು ಸಲ ರಾಣೆಬೆನ್ನೂರಿನ ಪ್ರಯಾಣ. ಮೂರನೆಯ ವಾರ ಡಾಕ್ಟರು ಕಿರುಬೆರಳನ್ನು ತೆಗೆದರು. ಆಮೇಲೆ ಕಪ್ಪು ನಿಂತಿತೆಂದು ನಮಗೆ ಅನ್ನಿಸಿತು. ಅವರು ಮಾತ್ರ ಹಾಗೆಂದು ಹೇಳಲಿಲ್ಲ. ಹಂಗಾಮು ಮುಗಿದು, ಶೆಡ್ಡು ಖಾಲಿಯಾಗಿ, ಹೆಂಗಸರು ಬರುವುದು ನಿಂತ ಮೇಲೆ, ಒಂದು ದಿನ ಡಾಕ್ಟರು ಪಟ್ಟಿ ಬಿಚ್ಚಿ, ಬಹಳ ಹೊತ್ತು ನೋಡಿ, ಮತ್ತೆ ಕಟ್ಟದೆ ಬಿಟ್ಟರು.

"ಪಾದ ಉಳೀತ್ರಿ," ಎಂದರು. "ಇನ್ನ ದಿನಾ ನೋಡಕೋಬೇಕು. ಬೆರಳಿನ ಸಂದ್ಯಾಗ ಹಸಿ ಇರಬಾರದು. ಬಿಸಿನೀರಾಗ ಕಾಲ ಇಡಬಾರದು, ಸುಟ್ರೂ ಗೊತ್ತಾಗಂಗಿಲ್ಲ. ಚಪ್ಪಲಿ ಝಾಡಿಸಿ ಮೆಟ್ಟಬೇಕು. ಮನಿಯಾಗೂ ಬರಿಗಾಲು ಬ್ಯಾಡ."

"ಎಲ್ಲೀಮಟ ನೋಡೂದ್ರಿ?" ಎಂದು ಅಕ್ಕ ಕೇಳಿದಳು.

"ಕಾಲು ಇರೂಮಟ."

ರೈಲಿನಲ್ಲಿ ಎದುರುಬದುರು ಕುಳಿತೆವು. ಸಂತೋಷವಾಗಬೇಕಿತ್ತು, ನನಗೆ ನಿದ್ದೆ ಬಂದಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತ, "ಆಗ ಕಾಲು ಖರೇನಽ ಗಟ್ಟಿ ಆಗ್ಯಾವು ಅಂದಕೊಂಡಿದ್ದೆ," ಎಂದಳು. ನಾನೂ ಹಾಗೆಯೇ ತಿಳಿದಿದ್ದೆನೆಂದು ಹೇಳಿದೆ. ಅವಳು ತಲೆಯಾಡಿಸಿದಳು. ನನ್ನನ್ನು ಹಂಗಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಅವಳಿಗೆ ಮತ್ತೆ ಸಿಗಲಾರದು, ಆದರೂ ಹಂಗಿಸಲಿಲ್ಲ.

ಮರುದಿನ ಹಾವೇರಿಗೆ ಹೊರಡುವ ಮುನ್ನ ಅವಳನ್ನು ಪಡಸಾಲೆಯ ಬೆಳಕಿನಲ್ಲಿ ಕೂಡಿಸಿದೆ. ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿ, ಅಂಗಾಲು, ಒಂಬತ್ತು ಬೆರಳು, ಅವುಗಳ ಸಂದುಗಳು, ಎಲ್ಲವನ್ನೂ ನೋಡಿದೆ. ತನ್ನ ಅಂಗಾಲು ತನಗೆ ಕಾಣುವಂತೆ ಕನ್ನಡಿ ಹಿಡಿಯುವುದು ಹೇಗೆಂದು ತೋರಿಸಿದೆ. ಅವಳು ಎರಡು ಸಲ ತಾನೇ ಹಿಡಿದು ನೋಡಿದಳು. ಆಮೇಲೆ, ಏಳಲು ಹೊರಟ ನನ್ನ ಸೆರಗನ್ನು ಹಿಡಿದು ಕೂಡಿಸಿದಳು.

"ನಿನ್ನ ಕಾಲು ತಾ."

"ನನಗೇನಾಗೇತಿ?"

"ನನಗೂ ಏನೂ ಆಗಿದ್ದಿಲ್ಲ."

ನನ್ನ ಪಾದಗಳನ್ನು ಮಡಿಲಿಗೆಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಬೆರಳನ್ನು ಬಿಡಿಸಿ ನೋಡತೊಡಗಿದಳು. ನಾನು ಹಿಡಿಯಬೇಕಿದ್ದ ಒಂಬತ್ತೂವರೆಯ ಬಸ್ಸು ಅಷ್ಟು ಹೊತ್ತಿಗೆ ಹೊರಟುಹೋಗಿರಬೇಕು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಲೆಂದು ಬಿಟ್ಟೆ.