ಕೆಟ್ಟ ಕೀಗಳ ತಂತಿ

ನನ್ನ ವಾಚ್ ರಿಪೇರಿ ಅಂಗಡಿಗೂ ಕೀ ಮಾಡಿಕೊಡುವ ಬೀಗದಕ್ಕನ ಅಂಗಡಿಗೂ ನಡುವೆ ಒಂದೇ ಹಲಗೆ. ಅವರು ಕೀಗೆ ಅರ ಉಜ್ಜಿದರೆ ನನ್ನ ಕೈಲಿರುವ ಗಡಿಯಾರದ ಮುಳ್ಳು ನಡುಗುತ್ತದೆ. ಇಪ್ಪತ್ತು ವರ್ಷದಿಂದ ಜಗಳವಾಡುತ್ತಿದ್ದೇನೆ, ಒಮ್ಮೆಯೂ ಗೆದ್ದಿಲ್ಲ.

ಅಕ್ಕನದು ಎರಡು ಕಟ್ಟಳೆ. ಅಸಲಿ ಕೀ ತೋರಿಸದೆ, ಅದನ್ನು ಸೋಪಿಗೆ ಒತ್ತಿ ತಂದ ಅಚ್ಚಿಗೆ ಕೀ ಮಾಡುವುದಿಲ್ಲ. ಕೆಟ್ಟ ಕೀಯನ್ನು ಎಸೆಯುವುದೂ ಇಲ್ಲ: ಯಾರಿಗೆ ಮಾಡಿದ್ದು, ಯಾವ ಹಲ್ಲು ತಪ್ಪಿತು ಎಂದು ಚೀಟಿ ಬರೆದು ಗೋಡೆಯ ತಂತಿಗೆ ಪೋಣಿಸಬೇಕು. “ತಪ್ಪು ಕಣ್ಮುಂದೆ ನೇತಾಡ್ತಿದ್ರೆ ಕೈ ಬೇಗ ಕಲಿಯುತ್ತೆ” ಎನ್ನುತ್ತಾರೆ.

ಕಲಿಯುತ್ತಿದ್ದವಳು ಅವರ ತೀರಿಹೋದ ತಂಗಿಯ ಮಗಳು, ಹದಿಮೂರರ ಹುಡುಗಿ. ಅಕ್ಕ ಊಟಕ್ಕೆ ಹೋಗಿದ್ದ ಒಂದು ರಜೆಯ ಮಧ್ಯಾಹ್ನ ಬಣ್ಣದ ಮೇಸ್ತ್ರಿ ಸೋಪು ಹಿಡಿದು ಬಂದ. “ಜಾಣೆ ನೀನು, ನಿನ್ ಕೈಲಾಗುತ್ತೆ. ದೊಡ್ಡಮ್ಮಂಗೆ ಹೇಳ್ಬೇಡ, ಬೈತಾರೆ” ಎಂದ. ಹೊಗಳಿಕೆಗೆ ಸೋಲದ ಹದಿಮೂರು ವರ್ಷ ಎಲ್ಲಿದೆ? ಹುಡುಗಿ ಕೀ ಮಾಡಿಕೊಟ್ಟಳು.

ವಾರದೊಳಗೆ, ಅವನು ಸುಣ್ಣಬಣ್ಣ ಮಾಡಿದ್ದ ಟೀಚರಮ್ಮನ ಮನೆ ಕಳುವಾಯಿತು. ಬಾಗಿಲಲ್ಲೇ ಉಳಿದಿದ್ದ ಕೀಯ ಮೇಲೆ ಅಕ್ಕನ ಅಂಗಡಿಯ ಗುರುತಾದ ಮೂರು ಗೀರು. ಪೊಲೀಸರು ಬಂದರು, ಹುಡುಗಿ ಅತ್ತು ಎಲ್ಲ ಹೇಳಿದಳು. ಮೇಸ್ತ್ರಿ ಮಾತ್ರ ತಾನು ಸೋಪೇ ಕೊಟ್ಟಿಲ್ಲವೆಂದು, ಮೊಸರು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ. ಸಂಜೆ ಅಂಗಡಿಗೇ ಬಂದು ಬುದ್ಧಿ ಬೇರೆ ಹೇಳಿದ:

“ಹುಡುಗೀನೇ ಕದ್ಲು ಅಂದ್ಬಿಡಿ ಅಕ್ಕ. ಚಿಕ್ಕೋಳು, ಬೈದು ಬಿಡ್ತಾರೆ. ಸೋಪಿನ ಕೀ ಮಾಡೋ ಅಂಗಡಿ ಅಂತ ಗೊತ್ತಾದ್ರೆ ನಿಮ್ ಹತ್ರ ಯಾರು ಬರ್ತಾರೆ?”

ಹಲಗೆಯ ಈಚೆ ನನ್ನ ರಕ್ತ ಕುದಿಯಿತು. ಅಕ್ಕ ಕಡ್ಡಿ ಮುರಿದಂತೆ ಹೇಳಿದರು: “ಅಂಗಡಿ ಹೋದ್ರೆ ಹೋಗ್ಲಿ. ಮಗು ಕಳ್ಳಿ ಆಗಲ್ಲ.”

ಅವನು ಹೋದ ಮೇಲೆ ತಂತಿಯ ಕೀಗಳನ್ನು ಒಂದೊಂದಾಗಿ ತಿರುವಿದರು. ಮೇಸ್ತ್ರಿಗೆಂದು ಹುಡುಗಿ ಮಾಡಿದ್ದ ಮೊದಲ ಕೀ ಕೆಟ್ಟಿತ್ತು. ಕದ್ದುಮುಚ್ಚಿ ಮಾಡಿದ ಕೆಲಸದಲ್ಲೂ ಚೀಟಿಯ ಕಟ್ಟಳೆ ತಪ್ಪಿಸದ ಪೆದ್ದಿ, ಅದಕ್ಕೆ ಚೀಟಿ ಕಟ್ಟಿದ್ದಳು: ‘ಬಣ್ಣದ ಮೇಸ್ತ್ರಿ. ಸೋಪಿನ ಅಚ್ಚು. ಎರಡನೇ ಹಲ್ಲು ಹೆಚ್ಚು ಉಜ್ಜಿದೆ.’

ಅಕ್ಕ ತಂತಿಸಮೇತ ಠಾಣೆಗೆ ನಡೆದರು. ಚೀಟಿ ಹಿಡಿದು ಹೊರಟ ಪೊಲೀಸರಿಗೆ ಮೇಸ್ತ್ರಿಯ ಬಣ್ಣದ ಡಬ್ಬಿಗಳ ನಡುವೆ ಸೋಪೂ ಸಿಕ್ಕಿತು, ಟೀಚರಮ್ಮನ ಬಳೆಗಳೂ ಸಿಕ್ಕವು.

ಕೋರ್ಟಿನಲ್ಲಿ ಅವನ ವಕೀಲರು ಕೀ ಮಾಡಿದ್ದು ಹುಡುಗಿಯ ಕೈಯಲ್ಲವೇ ಎಂದರು. ನ್ಯಾಯಾಧೀಶರಮ್ಮ ಕನ್ನಡಕ ತೆಗೆದು ಹೇಳಿದರು: “ಮಗುವಿನ ಕೈಯಿಂದ ಮಾಡಿಸಿದವರು ತಾವೇ ಮಾಡಿದ ಹಾಗೆ. ಮಗುವನ್ನು ಬಳಸಿಕೊಂಡದ್ದಕ್ಕೆ ಬೇರೆ ಶಿಕ್ಷೆಯೂ ಉಂಟು.” ಕಳ್ಳತನಕ್ಕೆ ಮೂರು ವರ್ಷ, ಮಗುವನ್ನು ಅದರೊಳಗೆ ಎಳೆದದ್ದಕ್ಕೆ ಅದರ ಮೇಲೆ ಇನ್ನೂ ನಾಲ್ಕು. ಚಿಕ್ಕವಳೆಂದು ಲೆಕ್ಕ ಹಾಕಿದ್ದವನಿಗೆ ಆ ಚಿಕ್ಕ ವಯಸ್ಸೇ ದುಬಾರಿಯಾಯಿತು. ನನಗಂತೂ ಹೊಟ್ಟೆ ತಣ್ಣಗಾಯಿತು. ಹುಡುಗಿಯ ಮೇಲೆ ಯಾವ ಕೇಸೂ ಉಳಿಯಲಿಲ್ಲ.

ಆದರೂ ಗಿರಾಕಿಗಳು ಎರಡು ತಿಂಗಳು ಬರಲಿಲ್ಲ, ಹುಡುಗಿ ಅರ ಮುಟ್ಟಲಿಲ್ಲ. ಆಮೇಲೊಂದು ದಿನ ಟೀಚರಮ್ಮನೇ ಬಂದು ಹೊಸ ಬೀಗದ ಕೀಯನ್ನು ಹುಡುಗಿಯ ಮುಂದಿಟ್ಟರು. “ಇನ್ನೊಂದು ಬೇಕಮ್ಮ. ನೀನೇ ಮಾಡು.”

ಮೊದಲನೆಯದು ಕೆಟ್ಟಿತು. ಎರಡನೆಯದು ಸರಿಯಾಗಿ ಕೂತಿತು. ಟೀಚರಮ್ಮ ಹೋದ ಮೇಲೆ, ಠಾಣೆಯಿಂದ ಮರಳಿದ್ದ ತಂತಿಯಲ್ಲಿ ಹೊಸ ಚೀಟಿ ಓದಿದೆ: ‘ಟೀಚರಮ್ಮ. ಅಸಲಿ ಕೀ ನೋಡಿ ಮಾಡಿದ್ದು. ಅಳತೆ ಸರಿಯಿತ್ತು, ಕೈ ನಡುಗಿತು.’